ಆಚಾರ್ರ ಹತ್ತು ಮೀಟರು

ಆಚಾರ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಶ್ರೀರಂಗಪಟ್ಟಣದಲ್ಲಿ ಬಂಧುವೊಬ್ಬರ ತಿಥಿಯ ಊಟಕ್ಕೆ ಕುಳಿತಿದ್ದೆ. ಫೋನು ಮಾಡಿದವರು ಪಾಂಡವಪುರದಲ್ಲಿ ಅವರ ಪಕ್ಕದ ಮನೆಯವರು. “ಬೆಳಿಗ್ಗೆ ಬಾಗ್ಲು ತೆಗೀನೇ ಇಲ್ಲ ಮೇಷ್ಟ್ರೇ. ಇತ್ಲು ಬಾಗ್ಲಿಂದ ಒಳೀಕೋಗಿ ನೋಡುದ್ರೆ, ಮನಗಿದ್ದಂಗೇ ಓಗ್ಬುಟ್ಟವ್ರೆ” ಎಂದರು. ಅಷ್ಟು ಹೇಳಲು ಅವರಿಗೆ ಅರ್ಧ ನಿಮಿಷ ಸಾಕಾಯಿತು. ಆಮೇಲೆ ಕಾಲು ಗಂಟೆ ನಾನೇ ಮಾತಾಡಿದೆನಂತೆ. ಯಾವಾಗ, ಹೇಗೆ, ಮೊನ್ನೆ ಚೆನ್ನಾಗಿದ್ದರಲ್ಲ, ನಾಗಮಂಗಲಕ್ಕೆ ತಿಳಿಸಿದಿರಾ, ಬೀಗದ ಕೈ ಯಾರ ಹತ್ತಿರ ಇದೆ. ಆ ಕಡೆಯವರು ಯಾವಾಗಲೋ ಫೋನು ಇಟ್ಟಿದ್ದರು ಎಂದು ಹೆಂಡತಿ ಆಮೇಲೆ ಹೇಳಿದಳು.

ನಾನು ಮಾತಿನವನು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಮೊದಲು ಹೊಣಕೆರೆಯಲ್ಲಿ, ಆಮೇಲೆ ಪಾಂಡವಪುರದಲ್ಲಿ. ನಿವೃತ್ತಿಯಾದ ಮೇಲೆ ಕೇಳುವ ಮಕ್ಕಳಿಲ್ಲದೆ, ಸಿಕ್ಕಿದವರಿಗೆ ಪಾಠ ಮಾಡುತ್ತಾ ಬಂದಿದ್ದೇನೆ. ಆಚಾರ್ರು ಹೆಚ್ಚು ಸಿಕ್ಕುತ್ತಿದ್ದರು, ಏಕೆಂದರೆ ಅವರು ಎದ್ದು ಹೋಗುತ್ತಿರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬಡಾವಣೆಯ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಅವರು ಆಚಾರ್ರು, ಚಿನ್ನದ ಕೆಲಸದ ಆಚಾರ್ರು. ಅಷ್ಟೇ.

ಅವರು ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಕಡೆಯವರು. ಹಿಂದೆ ಆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ವರೂ ಸಾಲಾಗಿ ಕುಳಿತು ಕೆಲಸ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಪ್ರತಿಯೊಬ್ಬರ ಮುಂದೆ ಒಂದು ಅಗ್ಗಿಷ್ಟಿಕೆ, ಒಂದು ಅಡಿಗಲ್ಲು, ಬಾಯಲ್ಲಿ ಊದುಗೊಳವೆ. ಬೆಸುಗೆ ಹಾಕುವಾಗ ದೀಪದ ಉರಿಯನ್ನು ಅದರಿಂದ ಊದಿ ಊದಿ, ಬೇಕಾದ ಕಡೆಗೆ ಮಾತ್ರ ತಿರುಗಿಸಬೇಕು. ಬಾಯಲ್ಲಿ ಕೊಳವೆ ಇದ್ದಾಗ ಮಾತೆಲ್ಲಿಂದ ಬರಬೇಕು? ಗಿರಾಕಿಗಳು ಜಗಲಿಯ ಮೇಲೆ ಕುಳಿತು ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದರೆ ಒಳಗೆ ನಾಲ್ಕು ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಹಿರಿಯಣ್ಣ ಮೊದಲು ಕಣ್ಣು ಮುಚ್ಚಿದರು. ಎರಡನೆಯವರು ಬೆಳಗೊಳದ ಕಡೆ ಕಾರ್ಖಾನೆಯೊಂದಕ್ಕೆ ಸೇರಿ, ಅಲ್ಲೇ ಮನೆ ಮಾಡಿ, ಕೆಲವು ವರ್ಷಗಳಲ್ಲಿ ಅವರೂ ತೀರಿಕೊಂಡರು. ಮೂರನೆಯವರು ನಾಗಮಂಗಲಕ್ಕೆ ಎರಕದ ವಿಗ್ರಹದ ಕೆಲಸಕ್ಕೆ ಹೋದರು. ಉಳಿದವರು ನಮ್ಮ ಆಚಾರ್ರೊಬ್ಬರೇ. ಜನ ದೊಡ್ಡ ಅಂಗಡಿಗಳಲ್ಲಿ ಗಾಜಿನ ಹಿಂದೆ ಸಿದ್ಧವಾಗಿರುವ ಒಡವೆ ಕೊಳ್ಳತೊಡಗಿದ ಮೇಲೆ ಇವರ ಬಳಿಗೆ ಬರುತ್ತಿದ್ದುದು ತಾಳಿಗೆ, ಮತ್ತೆ ಮಕ್ಕಳ ಕಿವಿ ಚುಚ್ಚಿಸುವುದಕ್ಕೆ.

ಅವರು ಮದುವೆಯಾಗಲಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದೆ. ಕೇಳಬಾರದ್ದನ್ನೆಲ್ಲ ನಾನು ಕೇಳುತ್ತೇನೆ. “ಮೂರು ಜನ ಅಣ್ಣಂದಿರ್ದು ಮುಗಿಯೋವತ್ಗೆ ನಂದು ಮರ್ತೋಯ್ತು ಮೇಷ್ಟ್ರೇ” ಎಂದರು. ಬೇಸರದಿಂದ ಹೇಳಿದರೋ ತಮಾಷೆಗೆ ಹೇಳಿದರೋ ತಿಳಿಯಲಿಲ್ಲ. ಅವರ ಮುಖದಲ್ಲಿ ಯಾವುದೂ ಬೇಗ ತಿಳಿಯುತ್ತಿರಲಿಲ್ಲ.

ಇನ್ನು ಗುರಿ ಹೊಡೆಯುವ ಕಥೆ. ನನ್ನ ತಂಗಿಯ ಮಗಳ ಮದುವೆ ಬೆಂಗಳೂರಿನಲ್ಲಿ ನಡೆಯಿತು. ತಂಗಿಯ ತಾಳಿಯನ್ನು ಇವರ ಹಿರಿಯಣ್ಣ ಮಾಡಿದ್ದರಿಂದ, ಮಗಳದನ್ನು ಇವರೇ ಮಾಡಿ ಇವರೇ ತಂದುಕೊಡಬೇಕೆಂದು ಅವಳು ಹಠ ಹಿಡಿದಳು. ಬಂದರು. ಮುಹೂರ್ತ ಮುಗಿಯಿತು, ಮೊದಲ ಪಂಕ್ತಿಯಲ್ಲಿ ನಮಗೆ ಜಾಗ ಸಿಗಲಿಲ್ಲ, ಆಚಾರ್ರಿಗೆ ಛತ್ರದ ಗದ್ದಲ ತಡೆಯಲಾಗಲಿಲ್ಲ. ಇಬ್ಬರೂ ಬೀದಿಗೆ ಬಂದೆವು. ಎದುರಿನ ಕಟ್ಟಡದ ನೆಲಮಾಳಿಗೆಗೆ ಇಳಿಯುವಲ್ಲಿ ಒಂದು ಬೋರ್ಡು: ಏರ್ ರೈಫಲ್ ಶೂಟಿಂಗ್ ರೇಂಜ್, ಸಾರ್ವಜನಿಕರಿಗೆ ಪ್ರವೇಶವಿದೆ. “ಕೆಳಗೆ ತಣ್ಣಗಿರ್ತದೆ, ಬನ್ನಿ” ಎಂದು ನಾನೇ ಇಳಿಸಿದೆ. ಪಾಪ ಅವರಿಗೆ ಹೊಟ್ಟೆ ಹಸಿದಿತ್ತು.

ಕೆಳಗೆ ಒಂದು ಕಾಲಕ್ಕೆ ಕಾರು ನಿಲ್ಲುತ್ತಿದ್ದ ಜಾಗ. ಆರು ಮೇಜು ಸಾಲಾಗಿ, ಮಧ್ಯೆ ಮಧ್ಯೆ ಹಲಗೆಯ ತಡಿಕೆ. ಹತ್ತು ಮೀಟರು ದೂರದಲ್ಲಿ ಬೆಳಕು ಬಿಟ್ಟ ಕಾಗದ, ಕಾಗದದ ನಡುವೆ ಕಪ್ಪು ವೃತ್ತ, ವೃತ್ತದ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕಿ. ನಾಲ್ಕು ಮೇಜಿನಲ್ಲಿ ಜನ ನಿಂತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದ ಕೋಚು ಒಬ್ಬ ಹೆಣ್ಣುಮಗಳು. ಅವಳ ಮೊದಲ ಮಾತಿಗೇ ನಮ್ಮ ಸೀಮೆಯವಳೆಂದು ಗೊತ್ತಾಯಿತು. ಕೇಳಿದರೆ ಕೆ.ಆರ್. ಪೇಟೆಯವಳು. ನಾನು ಅವಳಿಗೆ ಕೆ.ಆರ್. ಪೇಟೆಯಲ್ಲಿರುವ ನನ್ನ ಶಿಷ್ಯರ ಪಟ್ಟಿ ಹೇಳಲು ಶುರುಮಾಡಿದೆ. ಅವಳು ಬೆರಳು ತುಟಿಯ ಮೇಲಿಟ್ಟು ಗೋಡೆ ತೋರಿಸಿದಳು. ಮಾತಾಡಬಾರದು ಎಂದು ಅಲ್ಲಿ ದೊಡ್ಡದಾಗಿ ಬರೆದಿತ್ತು.

ನನ್ನ ಹತ್ತು ಗುಂಡುಗಳಲ್ಲಿ ಕಾಗದಕ್ಕೆ ತಗುಲಿದ್ದು ಮೂರು. ಹೊಸಬರಿಗೆ ಮೊಣಕೈಯನ್ನು ಮೇಜಿನ ಮೇಲೆ ಊರಿಕೊಳ್ಳಲು ಬಿಡುತ್ತಾರೆ, ಆದರೂ ಇಷ್ಟು. ಆಚಾರ್ರು ಕೋವಿ ತೆಗೆದುಕೊಂಡು ಸುಮಾರು ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಉಸಿರನ್ನು ಅರ್ಧ ಬಿಟ್ಟು, ಅರ್ಧ ಹಿಡಿದು, ಒಂದು. ಮತ್ತೆ ಅಷ್ಟೇ ಹೊತ್ತು. ಹತ್ತು ಮುಗಿದಾಗ ಕೋಚು ಕಾಗದ ತರಿಸಿ ನೋಡಿದಳು. ಹತ್ತೂ ವೃತ್ತದ ಎಡಕ್ಕೆ ಕೆಳಗೆ ಬಿದ್ದಿದ್ದವು. ಆದರೆ ಹತ್ತನ್ನೂ ಒಂದು ಹಳೆಯ ನಾಲ್ಕಾಣೆಯಿಂದ ಮುಚ್ಚಬಹುದಿತ್ತು.

“ತಾತ, ಯಾವಾಗಿಂದ ಹೊಡೀತಿದ್ದೀರಾ?”

“ಇವತ್ತೇ ಕಣವ್ವ.”

“ಗುರಿ ತಪ್ಪುದ್ರೆ ತಿದ್ಬೋದು ತಾತ, ಒಂದು ಸ್ಕ್ರೂ ತಿರುಗ್ಸುದ್ರೆ ಸಾಕು. ಇಂಗೆ ಒಂದೇ ಕಡೆ ಬೀಳ್ಸೋದೈತಲ್ಲ, ಅದ್ನ ಕಲ್ಸಾಕೆ ನಂಗೆ ವರ್ಷ ಹಿಡೀತದೆ.”

ಅವರು ಆ ಹೊಗಳಿಕೆಯನ್ನು ಕೇಳಿಸಿಕೊಂಡರೋ ಇಲ್ಲವೋ. ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಪಂಚೆಯ ಅಂಚಿನಿಂದ ಮೇಜಿನ ಅಡಿಯ ನೆಲ ಗುಡಿಸತೊಡಗಿದ್ದರು. ಏನು ಬಿತ್ತು ತಾತ ಎಂದು ಅವಳು ಗಾಬರಿಯಾಗಿ ಬಗ್ಗಿದಳು. ಏನೂ ಬಿದ್ದಿರಲಿಲ್ಲ. ಅಕ್ಕಸಾಲಿ ಕೆಲಸ ಮುಗಿಸಿ ಏಳುವ ಮೊದಲು ಕೂತ ಜಾಗದ ಧೂಳನ್ನೆಲ್ಲ ಗುಡಿಸಿ ಎತ್ತಿಡಬೇಕು, ಅದರಲ್ಲಿ ಚಿನ್ನದ ಪುಡಿ ಇರುತ್ತದೆ. ಐವತ್ತು ವರ್ಷದ ಅಭ್ಯಾಸ. ಅಂಗೈಯಲ್ಲಿ ಧೂಳು ಹಿಡಿದುಕೊಂಡು ನಿಂತ ಮೇಲೇ ಅವರಿಗೆ ತಾವೆಲ್ಲಿದ್ದೇವೆಂದು ನೆನಪಾಗಿ ನಾಚಿಕೆಯಾಯಿತು. ಆ ಹುಡುಗಿ ನಗಲಿಲ್ಲ, ಕಸದ ಡಬ್ಬಿ ತಂದು ಹಿಡಿದಳು. ಛತ್ರಕ್ಕೆ ಹಿಂದಿರುಗಿ ಎರಡನೆಯ ಪಂಕ್ತಿಯಲ್ಲಿ ಕುಳಿತಾಗ ನಾನು ಈ ಪ್ರಸಂಗವನ್ನು ಎಡಬಲದವರಿಗೆಲ್ಲ ಹೇಳಿ ನಗಿಸಿದೆ.

ಮುಂದಿನ ಭಾನುವಾರ ಅವರ ಬಾಗಿಲು ಹಾಕಿತ್ತು. ಅದರ ಮುಂದಿನ ಭಾನುವಾರವೂ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಒಂದು ಗಂಟೆ ಗುರಿ ಹೊಡೆದು, ಸಂಜೆಯ ರೈಲಿಗೆ ಬರುತ್ತಿದ್ದಾರೆಂದು ತಿಳಿದಾಗ ನನಗೆ ನಂಬಿಕೆಯಾಗಲಿಲ್ಲ. ತಿಥಿ ಮದುವೆ ಬಿಟ್ಟು ಊರಿನ ಗಡಿ ದಾಟದ ಮನುಷ್ಯ. ಎರಡೂವರೆ ವರ್ಷ ಹಾಗೆ ಹೋದರು. ಎರಡು ಸಲ ಬಿಟ್ಟದ್ದು, ಒಮ್ಮೆ ಜ್ವರ, ಒಮ್ಮೆ ನಾಗಮಂಗಲದ ಅಣ್ಣನ ಮನೆಯ ಗೃಹಪ್ರವೇಶ.

ಅವರ ಸಣ್ಣ ತಕ್ಕಡಿಗೂ ಕೆಲಸ ಸಿಕ್ಕಿತು. ಗುಂಡುಗಳ ಡಬ್ಬಿಯನ್ನು ಊರಿಗೆ ತಂದು ಒಂದೊಂದಾಗಿ ಗುಲಗಂಜಿ ಇಟ್ಟು ತೂಗುತ್ತಿದ್ದರು. “ಕಂಪ್ನಿಯವ್ರು ಎಲ್ಲಾ ಒಂದೇ ಅಂತಾರೆ. ಎಲ್ಲಿ ಒಂದೇ? ಇದು ನೋಡಿ, ಕೂದ್ಲೆಳೆ ಎಚ್ಚು” ಎಂದು ತೋರಿಸುವರು. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಹೌದೌದು ಎನ್ನುತ್ತಿದ್ದೆ. ಒಂದೇ ತೂಕ ಬಂದವನ್ನು ಬೇರೆ ಡಬ್ಬಿಯಲ್ಲಿ ಹಾಕಿಟ್ಟು ಕೋಚಿಗೆ ಒಯ್ಯುತ್ತಿದ್ದರು. ಅವಳ ಬಳಿ ಕಲಿಯುವವರು ಪಂದ್ಯಕ್ಕೆ ಹೋಗುವಾಗ ಆಚಾರ್ರ ಡಬ್ಬಿಯನ್ನೇ ಕೇಳುತ್ತಿದ್ದರಂತೆ. ಆದರೆ ತಾವು ಪಂದ್ಯಕ್ಕೆ ಹೋಗಲಿಲ್ಲ. ಹಿರಿಯರ ವಿಭಾಗವಿದೆ, ಬನ್ನಿ ಎಂದು ಅವಳು ಎಷ್ಟು ಕರೆದರೂ “ಅಲ್ಲಿ ಚಪ್ಪಾಳೆ ತಟ್ತಾರೆ” ಎಂದುಬಿಟ್ಟರು.

ಮತ್ತೇನಕ್ಕೆ ಅಷ್ಟು ದೂರ ಹೋಗುತ್ತೀರಿ ಎಂದು ನಾನು ಜಗಳಕ್ಕೇ ನಿಂತೆ. ಗಾಳಿ ಕೋವಿ ಒಂದನ್ನು ಕೊಂಡು ಮನೆಯಲ್ಲೇ ಹೊಡೆಯಿರಿ, ನಿಮ್ಮ ಮನೆ ಉದ್ದಕ್ಕಿದೆ, ಬಾಗಿಲಿನಿಂದ ಹಿತ್ತಲಿಗೆ ಹತ್ತು ಮೀಟರು ಆಗುತ್ತದೆ ಎಂದೆ.

“ಮನೇಲಿ ಪಕ್ಕದಲ್ಲಿ ಯಾರಿರ್ತಾರೆ ಮೇಷ್ಟ್ರೇ?”

“ಅಲ್ಲಿ ಯಾರಿದ್ದಾರೆ? ಒಬ್ಬರ ಹೆಸರಾದರೂ ಗೊತ್ತೇ ನಿಮಗೆ?”

“ಎಸ್ರು ಗೊತ್ತಿಲ್ಲ. ಎಡಗಡೆ ಒಬ್ಬಮ್ಮ ನಿಂತ್ಕತದೆ, ಬ್ಯಾಂಕಿಂದು. ಉಸ್ರು ತಕಂಡ್ ಮೇಲೆ ಎರಡು ಕಿತ ಎಂಜ್ಲು ನುಂಗ್ತದೆ, ಆಮೇಲೆ ಒಡೀತದೆ. ಬಲಗಡೆಯೋನಿಗೆ ಮೂಗಲ್ಲಿ ಸಿಳ್ಳೆ. ಅವ್ನು ಓದ್ ವಾರ ಬರ್ನಿಲ್ಲ, ಯಾಕೋ ಏನೋ ಅಂತ ನಂಗೆ ಆರು ದಿನ ಯೋಚ್ನೆ.” ಆಮೇಲೆ, “ನಮ್ಮಣ್ಣ ದಿನಾ ಪಕ್ಕದಲ್ಲೇ ಕುಂತಿದ್ರೂವೆ ನನ್ ಎಸ್ರು ಕೂಗ್ದೋನಲ್ಲ” ಎಂದರು.

ನಾಗಮಂಗಲದಲ್ಲಿ ಇನ್ನೊಬ್ಬ ಅಣ್ಣ ಇದ್ದಾರಲ್ಲ, ಅಲ್ಲಿ ಹೋಗಿ ಕೂರಿ ಎಂದೆ. ಅಲ್ಲಿ ಈಗ ಎಲ್ಲ ಉಜ್ಜುವ ಮೆಷಿನ್ನು, ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲವಂತೆ. ನಾನು ಅದಕ್ಕೂ ಏನೋ ಒಂದು ಉಪದೇಶ ಹೇಳಿದೆ.

ಮೂರನೆಯ ವರ್ಷ ಆ ನೆಲಮಾಳಿಗೆ ಮುಚ್ಚಿತು. ಕಟ್ಟಡದವರಿಗೆ ಕಾರು ನಿಲ್ಲಿಸಲು ಅದೇ ಜಾಗ ಮತ್ತೆ ಬೇಕಾಯಿತಂತೆ. ಕೋಚು ನಗರದ ಇನ್ನೊಂದು ಕೊನೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಮಾತ್ರ ಹೇಳಿಕೊಡುವ ಕೆಲಸಕ್ಕೆ ಸೇರಿದಳು. ಅವಳು ಫೋನು ಮಾಡಿ ಹೇಳಿದ ದಿನ ಆಚಾರ್ರು ನನ್ನ ಮನೆಗೆ ಬಂದರು. ಅವರಾಗಿ ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ನನಗೆ ನೆನಪಿರುವಂತೆ ಅದೇ ಮೊದಲು. “ಬ್ಯಾರೆ ಎಲ್ಲಾದ್ರೂ ಅದಾ ನೋಡ್ಕೊಡ್ತೀರಾ? ನಿಮ್ಗೆ ಫೋನಲ್ಲಿ ಮಾತಾಡಕ್ಕೆ ಬತ್ತದೆ” ಎಂದರು.

ನಾನು ಉತ್ಸಾಹದಿಂದ ಹುಡುಕಿದೆ. ಫೋನು ಮಾಡಿದೆ, ಒಂದು ದಿನ ಇಬ್ಬರೂ ಹೋಗಿ ಅಲೆದೆವು. ಒಂದು ಕಡೆ ಪೊಲೀಸರಿಗೆ ಮಾತ್ರ, ಹೊರಗಿನವರು ಗೇಟಿನಿಂದಲೇ ಹಿಂದಿರುಗಬೇಕು. ಇನ್ನೊಂದು ಕ್ಲಬ್ಬು, ಹಳೆಯ ಸದಸ್ಯರಿಬ್ಬರು ರುಜು ಹಾಕಬೇಕು, ಹಾಕಿದ ಮೇಲೆ ವರ್ಷಗಟ್ಟಲೆ ಕಾಯಬೇಕು. ನಮಗೆ ರುಜು ಹಾಕುವವರು ಬೆಂಗಳೂರಿನಲ್ಲಿ ಯಾರು? ಮತ್ತೊಂದು ಕಡೆ ಹದಿನೆಂಟರೊಳಗಿನವರಿಗೆ ತರಬೇತಿ. ಕೊನೆಗೆ ಒಂದು ಮಾಲಿನಲ್ಲಿ ಎಲ್ಲರಿಗೂ ಬಿಡುತ್ತಾರೆಂದು ಹೋದರೆ ಅಲ್ಲಿ ಹಾಡು ಹಾಕಿಕೊಂಡು ಬೆಲೂನು ಹೊಡೆಸುತ್ತಿದ್ದರು. ಆಚಾರ್ರು ಬಾಗಿಲಲ್ಲೇ ನಿಂತು ನೋಡಿ ತಿರುಗಿದರು. ಮೈಸೂರಿನಲ್ಲಿ ವಿಚಾರಿಸಿದ್ದಕ್ಕೆ ಶಿಬಿರ ನಡೆಯುವಾಗ ಬನ್ನಿ ಎಂದರು. ಶಿಬಿರ ಯಾವಾಗ ಎಂದರೆ ಅವರಿಗೇ ಗೊತ್ತಿರಲಿಲ್ಲ. ಅಷ್ಟು ದೊಡ್ಡ ನಗರದಲ್ಲಿ ಒಬ್ಬ ಮನುಷ್ಯ ಕಾಗದದ ಎದುರು ಸುಮ್ಮನೆ ನಿಲ್ಲಲು ಹತ್ತು ಮೀಟರು ಜಾಗ ಇರಲಿಲ್ಲ. ಹಿಂದಿರುಗುವ ರೈಲಿನಲ್ಲಿ ನಾನು ಇದನ್ನೇ ಆಕ್ರೋಶದಿಂದ ಮದ್ದೂರಿನವರೆಗೂ ಹೇಳಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಜೀವಮಾನದಲ್ಲಿ ಯಾರನ್ನೂ ಏನೂ ಕೇಳದವರು ಒಂದು ಅರ್ಜಿ ಬರೆದರು. ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ನಾನೇ ಕಾರ್ಯದರ್ಶಿ. ಅದರ ಊಟದ ಹಾಲ್ ಉದ್ದಕ್ಕಿದೆ. ಮದುವೆ ಇಲ್ಲದ ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಟ್ಟುಕೊಟ್ಟರೆ ಮೂರು ಜನ ನಿಲ್ಲಬಹುದು. ಗೋಡೆಗೆ ಮರಳಿನ ಚೀಲ, ಅದರ ಮುಂದೆ ದಪ್ಪ ಹಲಗೆ, ಬಾಗಿಲಿಗೆ ಒಳಗಿನಿಂದ ಚಿಲಕ, ಎಲ್ಲವನ್ನೂ ಒಡವೆಯ ನಕ್ಷೆ ಬರೆಯುವ ಸಣ್ಣ ಪೆನ್ಸಿಲ್ಲಿನಲ್ಲಿ ಬರೆದು ತಂದಿದ್ದರು. ಕೋಚು ಕೆ.ಆರ್. ಪೇಟೆಗೆ ತಾಯಿಯನ್ನು ನೋಡಲು ಬಂದಾಗಲೆಲ್ಲ ಬಂದು ಕಲಿಸುತ್ತಾಳಂತೆ, ಬೇಕಾದ ಅನುಮತಿ ಪತ್ರಗಳನ್ನೂ ಅವಳೇ ನೋಡಿಕೊಳ್ಳುತ್ತಾಳಂತೆ.

“ಮೀಟಿಂಗಲ್ಲಿ ನೀವು ಮಾತಾಡ್ಬುಡಿ ಮೇಷ್ಟ್ರೇ. ನಂಗೆ ನಾಕು ಜನದ ಮುಂದೆ ಬಾಯಿ ಬರಕಿಲ್ಲ.”

“ಅದನ್ನು ನನಗೆ ಬಿಡಿ” ಎಂದೆ.

ಸಭೆಯ ದಿನ ಅವರು ಒಗೆದ ಅಂಗಿ ಹಾಕಿಕೊಂಡು ಬಂದು ಬಾಗಿಲಾಚೆಯ ಬೆಂಚಿನ ಮೇಲೆ ಕುಳಿತರು. ನಾನು ಅರ್ಜಿ ಓದಿದೆ. ಓದಿ ಮುಗಿಯುವ ಮೊದಲೇ ಅಧ್ಯಕ್ಷರು, “ಏನ್ ಮೇಷ್ಟ್ರೇ, ಲಗ್ನ ಆಗೋ ಜಾಗ್ದಲ್ಲಿ ಕೋವಿ ಇಡ್ಸೀರಾ? ಬೀಗ್ರು ಇತ್ಲಾಗ್ ತಲೆ ಆಕ್ತಾರಾ?” ಎಂದರು. ಒಬ್ಬರು ನಕ್ಕರು. ನಾನು ಉತ್ತರ ಹೇಳಲು ಬಾಯಿ ತೆರೆದೆ. ನನ್ನ ಬಳಿ ಉತ್ತರಗಳಿದ್ದವು, ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅಧ್ಯಕ್ಷರೇ, “ಆಚಾರ್ರಿಗೆ ಈ ವಯಸ್ನಲ್ಲಿ ಇದ್ಯಾವ್ ಉಚ್ಚು? ಎಣ್ಣು ಸಿಗ್ನಿಲ್ಲ ಅಂತ ಕಾಗುದ್ ಮೇಲೆ ಸಿಟ್ಟು ತೀರುಸ್ಕತಾವ್ರಾ?” ಎಂದುಬಿಟ್ಟರು. ಸಭೆಯೆಲ್ಲ ನಕ್ಕಿತು.

ನಾನೂ ನಕ್ಕೆ.

ಯಾಕೆ ನಕ್ಕೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ನಾಲ್ಕು ಜನ ನಗುವಾಗ ಬಿಗಿದ ಮುಖದಲ್ಲಿ ಕುಳಿತವನಾಗಿ ಕಾಣಬಾರದು ಎಂದಿರಬೇಕು. ನನ್ನ ನಗು ದೊಡ್ಡದು, ಮೂವತ್ತನಾಲ್ಕು ವರ್ಷ ತರಗತಿಯಿಂದ ತರಗತಿಗೆ ಕೇಳಿಸಿದ್ದು. ಬಾಗಿಲಾಚೆಗೆ ಕೇಳಿಸದಿರಲು ಸಾಧ್ಯವಿಲ್ಲ. ಆಮೇಲೆ ಚರ್ಚೆಯೇ ಆಗಲಿಲ್ಲ, ಮುಂದಿನ ವಿಷಯ ಅಡುಗೆಮನೆಯ ನಲ್ಲಿ. ಹೊರಗೆ ಬಂದಾಗ ಅವರು ಎದ್ದು ನಿಂತಿದ್ದರು. ನಾನು ಏನೇನೋ ಹೇಳತೊಡಗಿದೆ, ಮುಂದಿನ ಸಭೆ, ಬೇರೆ ಜಾಗ, ಅಧ್ಯಕ್ಷರ ಸ್ವಭಾವವೇ ಹಾಗೆ. “ಆಯ್ತು ಬುಡಿ ಮೇಷ್ಟ್ರೇ” ಎಂದು ನಕ್ಷೆಯ ಕಾಗದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು.

ಅವರು ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅವರ ಮನೆಗೆ ಹೋಗುವುದು ಹೆಚ್ಚಿತು. ಮಧ್ಯಾಹ್ನ ಹೋಗಿ ಅವರ ಪಕ್ಕ ಕುಳಿತು ಸಂಜೆಯವರೆಗೆ ಮಾತಾಡುತ್ತಿದ್ದೆ. ತಪ್ಪು ಮಾಡಿದವನಿಗೆ ಬಾಯಿ ಇನ್ನೂ ಹೆಚ್ಚು ಬರುತ್ತದೆ. ಕೆ.ಆರ್.ಎಸ್.ಗೆ ಎಷ್ಟು ನೀರು ಬಂತು, ಮೇಲುಕೋಟೆ ರಸ್ತೆಯಲ್ಲಿ ಯಾವ ಮರ ಕಡಿದರು, ಯಾರ ಮಗಳಿಗೆ ಎಲ್ಲಿ ಸಂಬಂಧ ಕೂಡಿತು. ಅವರು ಕೇಳುತ್ತಿದ್ದರು. ಭಾನುವಾರಗಳಲ್ಲಿ ಅವರ ಬಾಗಿಲು ತೆರೆದೇ ಇರುತ್ತಿತ್ತು. ಅದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಹಾಗೇ ಮಾತಾಡುತ್ತಿದ್ದೆ. ಅವರು ಯಾವುದೋ ಮಗುವಿನ ಕಿವಿಯ ಮುರುವಿಗೆ ಬೆಸುಗೆ ಹಾಕುತ್ತಿದ್ದವರು, ಕೊಳವೆಯನ್ನು ಬಾಯಿಂದ ತೆಗೆದು, “ಮೇಷ್ಟ್ರೇ, ಒಸಿ ಒತ್ತು ಸುಮ್ಕೆ ಕುಂತ್ಕತೀರಾ?” ಎಂದರು.

ಮೆತ್ತಗೇ ಹೇಳಿದರು. ಆದರೆ ನನಗೆ ಚುರುಕ್ಕೆಂದಿತು. ಅವರು ಇಷ್ಟು ದಿನ ನುಂಗಿಕೊಂಡಿದ್ದ ಸಭೆಯ ದಿನದ ಸಿಟ್ಟು ಈಗ ಹೊರಬಂತು, ನನ್ನ ಬಾಯಿ ಮುಚ್ಚಿಸುತ್ತಿದ್ದಾರೆ ಎಂದುಕೊಂಡೆ. “ನಿಮ್ಮ ಕೆಲಸಕ್ಕೆ ತೊಂದರೆಯಾದರೆ ಬರುವುದಿಲ್ಲ ಬಿಡಿ” ಎಂದು ಎದ್ದುಬಿಟ್ಟೆ. ಅವರು ಏನೋ ಹೇಳಲು ಕೈಯೆತ್ತಿದರು. ನಾನು ಚಪ್ಪಲಿ ಮೆಟ್ಟಿಕೊಂಡಾಗಿತ್ತು. ಹದಿನೆಂಟು ದಿನ ಆ ಬೀದಿಗೆ ಹೋಗಲಿಲ್ಲ. ಹತ್ತೊಂಬತ್ತನೆಯ ದಿನ ನಾನು ಶ್ರೀರಂಗಪಟ್ಟಣದಲ್ಲಿ ತಿಥಿಯ ಊಟಕ್ಕೆ ಕುಳಿತಿದ್ದೆ.

ಕಾರ್ಯದ ದಿನ ನಾಗಮಂಗಲದಿಂದ ಅಣ್ಣನ ಕಡೆಯವರು ಬಂದಿದ್ದರು. ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಆ ಕೋಚು ಹೆಣ್ಣುಮಗಳೂ ಬಂದಳು. ಅವಳಿಗೆ ಅಲ್ಲಿ ಪರಿಚಯದವನು ನಾನೊಬ್ಬನೇ, ಊಟವಾದ ಮೇಲೆ ಜಗಲಿಯ ಮೇಲೆ ನನ್ನ ಪಕ್ಕ ಕುಳಿತಳು. ನಾನು ಎಂದಿನಂತೆ ಶುರುಮಾಡಿದೆ. ಆಚಾರ್ರಿಗೆ ಗುರಿ ಹೊಡೆಯುವ ಹುಚ್ಚು ಹಿಡಿಸಿದ್ದೇ ನಾನು, ನೆಲಮಾಳಿಗೆಗೆ ಇಳಿಸಿದ್ದೇ ನಾನು, ಜಾಗ ಸಿಗದೆ ಕೊರಗಿದರು, ಬೆಂಗಳೂರಿನಂಥ ಊರಿನಲ್ಲಿ ಸಾಮಾನ್ಯ ಮನುಷ್ಯನಿಗೆ ಒಂದು ರೇಂಜು ಇಲ್ಲವೆಂದರೆ ಏನರ್ಥ ಎಂದೆಲ್ಲ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವಳು ಹೇಳಿದಳು: “ತಾತನ್ನ ನಾನೂ ಕೇಳಿದ್ದೆ ಸಾರ್, ವಾರವಾರ ಇಷ್ಟ್ ದೂರ ಯಾಕ್ ಬತ್ತೀರಾ, ಊರಲ್ಲಿ ಯಾರೂ ಇಲ್ವಾ ಅಂತ. ನಗೋರು. ‘ಮೇಷ್ಟ್ರೊಬ್ರವ್ರೆ ಕಣವ್ವ, ಬಲೇ ಒಳ್ಳೇರು. ಅವ್ರು ನನ್ ಪಕ್ದಲ್ಲಿ ಒಂದ್ ಗಳಿಗೆ ಸುಮ್ಕೆ ಕುಂತ್ಕಂಡ್ರೆ ಸಾಕು, ನಾನ್ಯಾಕೆ ಈ ರೈಲು ಅತ್ತನಿ’ ಅನ್ನೋರು.”

ಅವಳು ಅದನ್ನು ನನಗೆ ಸಂತೋಷವಾಗಲೆಂದು ಹೇಳಿದಳು. ನಾನು ಮಾತಾಡಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಆ ಜಗಲಿಯ ಮೇಲೆ ಕುಳಿತಿದ್ದೆವು.